ವೈದ್ಯವೂ ದಾಸೋಹವೂ



ಶರಣರು ಕಾಯವನ್ನು ಹಳಿದವರಲ್ಲ. ದೇಹವನ್ನು ಒಣಗಿಸಿ ಬಳಲಿಸಿದಷ್ಟೂ ಪುಣ್ಯವೆಂದು ಬೋಧಿಸುವ ಮಾರ್ಗಗಳು ನಮ್ಮ ನಾಡಿನಲ್ಲಿ ಹಿಂದೆಯೂ ಇದ್ದವು, ಇಂದಿಗೂ ಇವೆ. ಶರಣಮಾರ್ಗವು ಅಂತಹುದಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ಕಾಯದ ಮೇಲೆ. ಕಾಯಕ ನಡೆಯುವುದು ಈ ಕಾಯದಿಂದ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವ ಕೈಯೂ ಈ ಕಾಯದ್ದೇ. ಕಾಯವು ಕೆಟ್ಟು ಮಲಗಿದರೆ ಕಾಯಕ ನಿಲ್ಲುತ್ತದೆ. ಕಾಯಕ ನಿಂತ ಮನೆಯಲ್ಲಿ ದಾಸೋಹವೆಲ್ಲಿಯದು? ಆದಕಾರಣ ರೋಗ ಮತ್ತು ಚಿಕಿತ್ಸೆಯ ವಿಚಾರವು ಕೇವಲ ಲೌಕಿಕವಾದುದು, ಧರ್ಮಪೀಠದಿಂದ ಆಡತಕ್ಕುದಲ್ಲ ಎಂದು ಯಾರಾದರೂ ಅಂದರೆ ಅದು ಶರಣರ ಮಾತಾಗಲಾರದು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದನು. ಮದ್ದು ಅರೆಯುವುದೇ ಅವನ ಕಾಯಕ. ಅಂಬಿಗನ ಹುಟ್ಟು, ಮಡಿವಾಳನ ಬಟ್ಟೆ ಇವುಗಳ ಸಾಲಿನಲ್ಲಿಯೇ ವೈದ್ಯನ ಮದ್ದಿನ ಚೀಲವೂ ನಿಂತಿತು, ಮೇಲಕ್ಕಲ್ಲ, ಕೆಳಕ್ಕಲ್ಲ.

ಇಂದು ಆ ಮದ್ದಿನ ಚೀಲವು ಎಲ್ಲಿದೆ? ಅದು ಯಾರ ಬಾಗಿಲಿಗೆ ಬರುತ್ತದೆ, ಯಾರ ಬಾಗಿಲನ್ನು ಕಂಡೂ ಮುಂದೆ ಹೋಗುತ್ತದೆ? ಇದನ್ನೇ ನಾವು ಈ ದಿನ ಕೊಂಚ ವಿಚಾರಿಸಬೇಕಾಗಿದೆ. ಮನೆಯ ಯಜಮಾನನಿಗೆ ಎದೆನೋವು ಬಂದು ಪಟ್ಟಣದ ಆಸ್ಪತ್ರೆಗೆ ಒಯ್ದಾಗ ಎತ್ತು ಮಾರಿದವರು, ಹೆಂಡತಿಯ ಮೈಮೇಲಿನ ಬಂಗಾರ ಒತ್ತೆಯಿಟ್ಟವರು, ಕಡೆಗೆ ಹೊಲವನ್ನೂ ಬರೆದುಕೊಟ್ಟವರು ನಿಮ್ಮೂರಿನಲ್ಲಿ ಇಲ್ಲವೇ? ನಮ್ಮ ದೇಶದಲ್ಲಿ ಆರೋಗ್ಯಕ್ಕಾಗಿ ವೆಚ್ಚವಾಗುವ ಪ್ರತಿ ನೂರು ರೂಪಾಯಿಯಲ್ಲಿ ೨೦೧೩-೧೪ರಲ್ಲಿ ಸುಮಾರು ೬೪ ರೂಪಾಯಿ ರೋಗಿಯ ಮನೆಯವರ ಜೇಬಿನಿಂದಲೇ ಹೋಗುತ್ತಿತ್ತೆಂದು ಸರ್ಕಾರದ ಆರೋಗ್ಯ ಲೆಕ್ಕಪತ್ರವೇ ಹೇಳುತ್ತದೆ. ೨೦೨೧-೨೨ರ ಹೊತ್ತಿಗೆ ಅದು ೩೯ಕ್ಕೆ ಇಳಿದಿದೆ. ಇಳಿದುದು ಸಂತೋಷದ ಸಂಗತಿ. ಆದರೆ ೩೯ ಎಂಬುದು ಸಣ್ಣ ಅಂಕೆಯಲ್ಲ. ರೋಗವು ಹೇಳಿ ಬರುವುದಿಲ್ಲ, ಸುಗ್ಗಿಯ ಮೇಲೆಯೇ ಬರಬೇಕೆಂಬ ನಿಯಮವೂ ಅದಕ್ಕಿಲ್ಲ.

ದಾನ ಮತ್ತು ದಾಸೋಹ ಈ ಎರಡು ಶಬ್ದಗಳನ್ನು ನಾವು ದಿನನಿತ್ಯ ಒಂದಕ್ಕೊಂದು ಪರ್ಯಾಯವೆಂಬಂತೆ ಬಳಸುತ್ತೇವೆ. ಅದು ಸರಿಯಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿದೆ, ಪಡೆಯುವವನ ಕೈ ಕೆಳಗಿದೆ. ಕೊಡುವವನಿಗೆ ಮನಸ್ಸು ಬಂದರೆ ಕೊಟ್ಟಾನು, ಬಾರದಿದ್ದರೆ ಇಲ್ಲ. ದಾಸೋಹದಲ್ಲಿ ಕೊಡುವವನೇ ದಾಸ. ಅವನು ಕೊಡುತ್ತಿರುವುದು ತನ್ನದನ್ನಲ್ಲ. ಸಮಾಜಕ್ಕೆ ಸಲ್ಲಬೇಕಾದುದನ್ನು ಸಮಾಜಕ್ಕೆ ಸಲ್ಲಿಸುತ್ತಿದ್ದಾನೆ, ಅಷ್ಟೆ. ಪಂಕ್ತಿಯಲ್ಲಿ ಕುಳಿತವನು ಉಪಕಾರ ಪಡೆದವನಲ್ಲ, ತನ್ನ ಪಾಲನ್ನು ಪಡೆದವನು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಲೋಕದ ಬೇರೆ ಬೇರೆ ದೇಶಗಳು ರೋಗಿಯನ್ನು ಹೇಗೆ ನಡೆಸಿಕೊಂಡಿವೆಯೆಂದು ನೋಡಿದರೆ ನಮ್ಮ ಪ್ರಶ್ನೆಯೂ ಸ್ಪಷ್ಟವಾಗುತ್ತದೆ.

ಟಾಮಿ ಡಗ್ಲಸ್ ಎಂಬವನು ೧೯೦೪ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದನು. ಅವನ ಮನೆಯವರು ಬಡವರು, ಕೆನಡಾ ದೇಶಕ್ಕೆ ವಲಸೆ ಹೋದವರು. ಬಾಲಕನ ಮೊಣಕಾಲಿಗೆ ಪೆಟ್ಟಾಗಿ ಎಲುಬಿನೊಳಗೆ ಕೀವು ತುಂಬಿತು. ವಿನಿಪೆಗ್ ನಗರದ ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿ ಮಲಗಿದ್ದಾಗ ಕಾಲನ್ನು ಕತ್ತರಿಸಬೇಕೆಂಬ ಮಾತು ಬಂದಿತು. ಆಗ ಪ್ರಸಿದ್ಧ ಮೂಳೆವೈದ್ಯನೊಬ್ಬನ ಕಣ್ಣು ಈ ಹುಡುಗನ ಮೇಲೆ ಬಿದ್ದಿತು. ತನ್ನ ವಿದ್ಯಾರ್ಥಿಗಳು ನಿಂತು ನೋಡಲು ತಂದೆತಾಯಿಗಳು ಒಪ್ಪುವುದಾದರೆ ಹಣವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವೆನೆಂದನು. ಮಾಡಿದನು, ಕಾಲು ಉಳಿಯಿತು. ಈ ಕಥೆಯನ್ನು ಕೇಳಿದ ನಮ್ಮಲ್ಲಿ ಅನೇಕರು ಆ ವೈದ್ಯನನ್ನು ಕೊಂಡಾಡಿ ಅಲ್ಲಿಗೇ ನಿಲ್ಲುತ್ತೇವೆ. ಡಗ್ಲಸ್‌ನು ಅಲ್ಲಿ ನಿಲ್ಲಲಿಲ್ಲ. ಆ ವೈದ್ಯನಿಗೆ ಅವನು ಜೀವಮಾನವೆಲ್ಲ ಕೃತಜ್ಞನಾಗಿದ್ದನು. ಆದರೆ ಒಂದು ಮಗುವಿನ ಕಾಲು ಉಳಿಯುವುದು ಒಬ್ಬ ದೊಡ್ಡವನ ಕಣ್ಣಿಗೆ ಅದು ಬೀಳುವ ಅದೃಷ್ಟವನ್ನು ಅವಲಂಬಿಸಬಾರದು ಎಂಬ ವಿಚಾರವು ಅವನನ್ನು ಬಿಡಲಿಲ್ಲ. ಪಕ್ಕದ ಹಾಸಿಗೆಯ ಮಗುವಿನ ಗತಿಯೇನು? ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಈ ಪರದೇಶದ, ಪರಮತದ ಮನುಷ್ಯನು ತನ್ನ ಕಾಲಿನಿಂದಲೇ ಕಲಿತನೆನ್ನಬಹುದು.

ಆತನು ಮೊದಲು ಕ್ರೈಸ್ತ ಪಾದ್ರಿಯಾದನು, ಬಳಿಕ ರಾಜಕೀಯಕ್ಕೆ ಇಳಿದನು. ೧೯೪೪ರಲ್ಲಿ ಸಸ್ಕ್ಯಾಚೆವಾನ್ ಎಂಬ ಗೋದಿ ಬೆಳೆಯುವ ಪ್ರಾಂತದ ಪ್ರಧಾನಿಯಾಗಿ ೧೯೬೧ರವರೆಗೆ ಆಳಿದನು. ಆ ಪ್ರಾಂತವು ಶ್ರೀಮಂತವಾದುದಲ್ಲ. ೧೯೩೦ರ ದಶಕದ ಬರಗಾಲದಲ್ಲಿ ಹೊಲದ ಮಣ್ಣೇ ಗಾಳಿಗೆ ಹಾರಿಹೋದ ನೆಲ ಅದು. ೧೯೪೭ರಲ್ಲಿ ಅಲ್ಲಿ ಆಸ್ಪತ್ರೆಯ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವ ಏರ್ಪಾಡಾಯಿತು. ೧೯೬೨ರ ಜುಲೈ ೧ರಂದು ವೈದ್ಯರ ಶುಲ್ಕವನ್ನೂ ಸಾರ್ವಜನಿಕ ಬೊಕ್ಕಸವೇ ಭರಿಸುವ ಕಾನೂನು ಜಾರಿಗೆ ಬಂದಿತು. ಅಂದೇ ಆ ಪ್ರಾಂತದ ಬಹುಪಾಲು ವೈದ್ಯರು ತಮ್ಮ ಬಾಗಿಲುಗಳನ್ನು ಮುಚ್ಚಿದರು. ೨೩ ದಿನ ಮುಷ್ಕರ ನಡೆಯಿತು. ಇಂಗ್ಲೆಂಡಿನಿಂದ ವೈದ್ಯರನ್ನು ಕರೆಸಬೇಕಾಯಿತು. ಕಡೆಗೆ ರಾಜಿಯಾಗಿ, ವೈದ್ಯರ ಸ್ವಾತಂತ್ರ್ಯಕ್ಕೂ ಕೆಲವು ಭರವಸೆ ದೊರೆತು, ಕಾನೂನು ಉಳಿಯಿತು. ೧೯೬೬ರಲ್ಲಿ ಇಡೀ ಕೆನಡಾ ದೇಶವೇ ಆ ಮಾರ್ಗವನ್ನು ಹಿಡಿಯಿತು. ಒಳ್ಳೆಯ ಕಾರ್ಯಕ್ಕೆ ವಿರೋಧವು ಕೆಟ್ಟವರಿಂದಲೇ ಬರುವುದೆಂದು ತಿಳಿಯಬೇಡಿರಿ. ಮುಷ್ಕರ ಹೂಡಿದವರಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಹೆರಿಗೆ ಮಾಡಿಸಿದ ಸಜ್ಜನ ವೈದ್ಯರೂ ಇದ್ದಿರಲೇಬೇಕು. ತಮ್ಮ ಕೈಯಿಂದ ದಾನ ಮಾಡುವ ಅಧಿಕಾರವು ತಪ್ಪಿಹೋಗುವುದೆಂಬುದೂ ಮನುಷ್ಯನಿಗೆ ಒಂದು ನಷ್ಟವಾಗಿ ಕಾಣುವುದುಂಟು. ದಾನಿಯಾಗಿರುವುದು ಸುಖ; ದಾಸನಾಗುವುದು ಕಷ್ಟ.

ಇನ್ನೊಂದು ಊರಿನ ಸಂಗತಿಯನ್ನು ಹೇಳುತ್ತೇನೆ. ಇದು ನನಗೆ ಹೆಚ್ಚು ಪ್ರಿಯವಾದುದು, ಏಕೆಂದರೆ ಇಲ್ಲಿ ಆರಂಭದಲ್ಲಿ ಮಂತ್ರಿಯೂ ಇಲ್ಲ, ಕಾನೂನೂ ಇಲ್ಲ, ಬರಿಯ ಕಾಯಕಜೀವಿಗಳಿದ್ದಾರೆ. ವೇಲ್ಸ್ ನಾಡಿನ ದಕ್ಷಿಣ ಭಾಗದಲ್ಲಿ ಟ್ರೆಡಿಗರ್ ಎಂಬ ಕಲ್ಲಿದ್ದಲ ಗಣಿಯ ಊರಿದೆ. ಗಣಿಯಲ್ಲಿ ದುಡಿಯುವವರಿಗೆ ಪುಪ್ಪುಸದ ರೋಗ, ಕೈಕಾಲು ಮುರಿಯುವುದು ನಿತ್ಯದ ಮಾತು. ಅಲ್ಲಿಯ ಕೂಲಿಕಾರರು ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿಯೇ ಒಂದು ವೈದ್ಯಸಹಾಯಕ ಸಂಘವನ್ನು ಕಟ್ಟಿಕೊಂಡರು. ದುಡಿದ ಒಂದೊಂದು ಪೌಂಡಿಗೆ ಮೂರು ಪೆನ್ನಿಯಂತೆ ಕೂಲಿಯಿಂದ ಮುರಿದು ಸಂಘಕ್ಕೆ ಸಲ್ಲಿಸಬೇಕು, ಸಂಘವು ವೈದ್ಯರನ್ನು, ದಾದಿಯರನ್ನು ನೇಮಿಸಬೇಕು, ಆಸ್ಪತ್ರೆಯನ್ನೂ ನಡೆಸಬೇಕು. ಕಾಲಕ್ರಮದಲ್ಲಿ ಊರಿನ ಬಹುಪಾಲು ಮನೆಗಳು ಆ ಸಂಘದ ನೆರಳಿಗೆ ಬಂದವು. ಹೆಚ್ಚು ದುಡಿದವನು ಹೆಚ್ಚು ಕೊಟ್ಟನು, ಕಡಿಮೆ ದುಡಿದವನು ಕಡಿಮೆ ಕೊಟ್ಟನು. ಚಿಕಿತ್ಸೆಯಲ್ಲಿ ಮಾತ್ರ ಆ ಹೆಚ್ಚು ಕಡಿಮೆ ಇರಲಿಲ್ಲ. ಕಾಯಕದಿಂದ ಬಂದುದರಲ್ಲಿ ಒಂದು ಪಾಲನ್ನು ತೆಗೆದಿಟ್ಟು ಅದನ್ನು ಎಲ್ಲರ ಪಂಕ್ತಿಗೆ ಬಡಿಸುವುದಕ್ಕೆ ನಮ್ಮಲ್ಲಿ ಏನೆಂದು ಹೆಸರಿದೆಯೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಆ ಊರಿನ ಗಣಿ ಕೂಲಿಕಾರನ ಮಗ, ತಾನೂ ಹುಡುಗತನದಲ್ಲಿಯೇ ಗಣಿಗೆ ಇಳಿದವನು, ಅನ್ಯೂರಿನ್ ಬೆವನ್. ಎರಡನೆಯ ಮಹಾಯುದ್ಧದ ಬಳಿಕ ಆತನು ಬ್ರಿಟನ್ನಿನ ಆರೋಗ್ಯ ಮಂತ್ರಿಯಾದಾಗ ತನ್ನೂರಿನ ಈ ಪದ್ಧತಿಯನ್ನೇ ದೇಶಕ್ಕೆಲ್ಲ ಹರಡಬೇಕೆಂದು ಹೊರಟನು. ೧೯೪೮ರ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾಯಿತು. ಅದರ ಹಣವು ಮುಖ್ಯವಾಗಿ ತೆರಿಗೆಯಿಂದ ಬರಬೇಕು, ಚಿಕಿತ್ಸೆಯ ಹೊತ್ತಿನಲ್ಲಿ ರೋಗಿಯ ಮುಂದೆ ಯಾರೂ ಕೈಚಾಚಬಾರದು. ಮೂರೇ ವರ್ಷಗಳಲ್ಲಿ, ೧೯೫೧ರಲ್ಲಿ, ಕಟ್ಟಿಸಿಕೊಳ್ಳುವ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ಅವನ ಪಕ್ಷದ ಸರ್ಕಾರವೇ ನಿರ್ಧರಿಸಿದಾಗ ಬೆವನ್ ತನ್ನ ಮಂತ್ರಿಪದವಿಯನ್ನು ಬಿಟ್ಟು ಹೊರಬಂದನು. ಕನ್ನಡಕದ ಕಾಸಿಗಾಗಿ ಪದವಿ ಬಿಡುವುದು ಅತಿರೇಕವೆಂದು ಅಂದವರುಂಟು. ನಾನು ಹಾಗೆ ಅನ್ನಲಾರೆ. ಪಂಕ್ತಿಯಲ್ಲಿ ಉಪ್ಪಿಗೆ ಮಾತ್ರ ಬೆಲೆ ಕೇಳಿದರೂ ಅದು ಪಂಕ್ತಿಯಾಗಿ ಉಳಿಯುವುದಿಲ್ಲ.

ಹಾಗೆಂದು ಆ ಸೇವೆಯನ್ನು ಕೈಲಾಸವೆಂದು ವರ್ಣಿಸುವುದೂ ಸತ್ಯವಲ್ಲ. ಇಂಗ್ಲೆಂಡಿನಲ್ಲಿ ಸರದಿಯಲ್ಲಿ ಕಾಯುತ್ತಿರುವ ಚಿಕಿತ್ಸೆಗಳ ಸಂಖ್ಯೆಯು ೨೦೨೩ರಲ್ಲಿ ೭೦ ಲಕ್ಷವನ್ನು ಮೀರಿತ್ತು. ಹಣವುಳ್ಳವನು ಖಾಸಗಿ ವೈದ್ಯನಲ್ಲಿಗೆ ಹೋಗಿ ಬೇಗ ಗುಣವಾಗುತ್ತಾನೆ. ಇಲ್ಲದವನು ಸೊಂಟನೋವು ಹೊತ್ತುಕೊಂಡು ತಿಂಗಳುಗಟ್ಟಲೆ ಕಾಯುತ್ತಾನೆ. ನಮ್ಮ ಕನ್ನಡನಾಡಿನ ಕಾಲೇಜುಗಳಲ್ಲಿ ಕಲಿತ ಎಷ್ಟೋ ತರುಣ ವೈದ್ಯರು ಆ ದೇಶದ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಅವರ ಕಾಯಕವು ಅಲ್ಲಿಯ ರೋಗಿಗೆ ಸಲ್ಲುತ್ತಿದೆ, ಅದೂ ಪುಣ್ಯವೇ. ಆದರೆ ಬಡ ದೇಶವು ಕಲಿಸಿದ ವೈದ್ಯನನ್ನು ಸಿರಿವಂತ ದೇಶವು ಕರೆದುಕೊಂಡಾಗ ಇಲ್ಲಿಯ ತಾಲ್ಲೂಕು ಆಸ್ಪತ್ರೆಯ ಖಾಲಿ ಕುರ್ಚಿಯ ಲೆಕ್ಕವನ್ನು ಬರೆಯುವವರು ಯಾರು?

ಅದೇ ವೇಲ್ಸಿನ ಗ್ಲಿನ್‌ಕೊರಗ್ ಎಂಬ ಸಣ್ಣ ಗಣಿಹಳ್ಳಿಯಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯನಿದ್ದನು. ೧೯೭೧ರಲ್ಲಿ ಆತನು ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಒಂದು ವಿಷಯವನ್ನು ನಿಯಮದಂತೆ ಬರೆದಿಟ್ಟನು. ಅದರ ಸಾರವಿಷ್ಟೆ: ಎಲ್ಲಿ ರೋಗ ಹೆಚ್ಚೋ ಅಲ್ಲಿ ಒಳ್ಳೆಯ ಚಿಕಿತ್ಸೆ ಕಡಿಮೆ, ಎಲ್ಲಿ ರೋಗ ಕಡಿಮೆಯೋ ಅಲ್ಲಿ ಚಿಕಿತ್ಸೆ ಯಥೇಚ್ಛ, ಮತ್ತು ವೈದ್ಯವು ಸಂತೆಯ ಸರಕಾದಷ್ಟೂ ಈ ವಿಪರೀತವು ಬಲಿಯುತ್ತದೆ. ಇದನ್ನು ನಂಬಲು ನಮಗೆ ವೇಲ್ಸಿನ ಸಾಕ್ಷಿ ಬೇಕಾಗಿಲ್ಲ. ಬೆಂಗಳೂರಿನ ಒಂದೇ ಬೀದಿಯಲ್ಲಿ ಎಷ್ಟು ಆಸ್ಪತ್ರೆಗಳ ಫಲಕಗಳಿವೆಯೆಂದು ಎಣಿಸಿ, ಬಳಿಕ ಯಾದಗಿರಿಯ ಕಡೆಯ ಒಂದು ಹಳ್ಳಿಯಲ್ಲಿ ನಿಂತು ಎಣಿಸಿದರೆ ಸಾಕು. ಆದರೆ ಆ ವೈದ್ಯನು ನಿಯಮವನ್ನು ಬರೆದು ಸುಮ್ಮನಾಗಲಿಲ್ಲ. ರೋಗಿಯು ಬರಲಿ ಎಂದು ಕಾಯದೆ ತನ್ನ ಹಳ್ಳಿಯ ವಯಸ್ಕರ ರಕ್ತದೊತ್ತಡವನ್ನೆಲ್ಲ ತಾನೇ ಮುಂದಾಗಿ ಅಳೆದು ಬರೆದಿಟ್ಟನು. ರಕ್ತದೊತ್ತಡವು ನೋವಿಲ್ಲದ ರೋಗ. ನೋವಿಲ್ಲದವನು ವೈದ್ಯನಲ್ಲಿಗೆ ಹೋಗುವುದಿಲ್ಲ. ಹೋಗದವನು ಒಂದು ದಿನ ಪಾರ್ಶ್ವವಾಯು ಬಡಿದು ಬೀಳುತ್ತಾನೆ. ವೈದ್ಯನೇ ನಡೆದು ಬಂದರೆ ಮಾತ್ರ ಇದು ತಪ್ಪುತ್ತದೆ.

ನಡೆದು ಬರುವುದು ಎಂದಾಗ ನಮಗೆ ಜಂಗಮವೆಂಬ ಶಬ್ದವು ನೆನಪಾಗದೆ ಇರದು. ದೊಡ್ಡ ಆಸ್ಪತ್ರೆಯು ಸ್ಥಾವರ. ಅದು ನಿಂತಲ್ಲಿ ನಿಂತಿರುತ್ತದೆ. ಗೋಪುರವಿರುತ್ತದೆ, ಬಾಗಿಲಲ್ಲಿ ಕಾವಲಿರುತ್ತದೆ, ಒಳಗೆ ಹೋಗಲು ಕಾಣಿಕೆ ಬೇಕು. ಅದು ಬೇಡವೆಂದಲ್ಲ, ಹೃದಯದ ಶಸ್ತ್ರಚಿಕಿತ್ಸೆಯನ್ನು ಹಳ್ಳಿಯ ಕಟ್ಟೆಯ ಮೇಲೆ ಮಾಡಲಾಗದು. ಆದರೆ ಸ್ಥಾವರವೊಂದೇ ಸಾಲದೆಂಬುದನ್ನು ನಮ್ಮ ದೇಶದ ಹಿರಿಯರು ಮೊದಲೇ ಅರಿತಿದ್ದರು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ೧೯೪೬ರಲ್ಲಿ, ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲೇ, ವರದಿಯನ್ನೊಪ್ಪಿಸಿ, ಹಣ ತೆರಲಾರನೆಂಬ ಕಾರಣದಿಂದ ಯಾವನಿಗೂ ಯೋಗ್ಯ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ಮುಂದಿಟ್ಟಿತು; ಮೊದಲ ಹಂತದಲ್ಲಿ ೪೦ ಸಾವಿರ ಜನರಿಗೆ ಒಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸ್ಥಾಪಿಸಬೇಕೆಂದಿತು. ಕೇಂದ್ರಗಳು ಬಂದವು. ಅವುಗಳಿಗೆ ಬೇಕಾದ ಹಣ ಮಾತ್ರ ಪೂರ್ತಿಯಾಗಿ ಬರಲಿಲ್ಲ. ೨೦೧೭ರ ರಾಷ್ಟ್ರೀಯ ಆರೋಗ್ಯ ನೀತಿಯು ಸರ್ಕಾರದ ಆರೋಗ್ಯವೆಚ್ಚವು ದೇಶದ ಒಟ್ಟು ಉತ್ಪನ್ನದ ಶೇಕಡಾ ಎರಡೂವರೆಗೆ ಏರಬೇಕೆಂದಿತು. ೨೦೨೧-೨೨ರಲ್ಲಿ ಅದು ಶೇಕಡಾ ಎರಡನ್ನೂ ಮುಟ್ಟಿರಲಿಲ್ಲ.

೨೦೦೫ರಿಂದ ಹಳ್ಳಿಹಳ್ಳಿಗೆ ಬಂದಿರುವ ಆಶಾ ಕಾರ್ಯಕರ್ತೆಯನ್ನು ನಾನು ಈ ಕಾಲದ ಜಂಗಮವೆಂದೇ ಕರೆಯುತ್ತೇನೆ. ಗರ್ಭಿಣಿಯ ಮನೆಗೆ ಅವಳೇ ಹೋಗುತ್ತಾಳೆ, ಕೂಸಿನ ಲಸಿಕೆಯ ದಿನವನ್ನು ಅವಳೇ ನೆನಪಿಸುತ್ತಾಳೆ, ಕ್ಷಯರೋಗಿಯು ಮಾತ್ರೆ ನುಂಗಿದನೋ ಇಲ್ಲವೋ ಎಂದು ಕೇಳುವವಳೂ ಅವಳೇ. ಅವಳಿಗೆ ದೊರೆಯುವುದು ಸಂಬಳವಲ್ಲ. ಗೌರವಧನವೆಂದು, ಪ್ರೋತ್ಸಾಹಧನವೆಂದು ಅದಕ್ಕೆ ಹೆಸರು. ಅದಕ್ಕಾಗಿಯೂ ಅವಳು ಬೆಂಗಳೂರಿನ ಬೀದಿಯಲ್ಲಿ ಧರಣಿ ಕೂಡಬೇಕಾಗುತ್ತದೆ. ಕಾಯಕಕ್ಕೆ ತಕ್ಕ ಕೂಲಿಯನ್ನು ಕೊಡದೆ ಸೇವೆಯೆಂಬ ದೊಡ್ಡ ಹೆಸರನ್ನು ಮಾತ್ರ ಕೊಡುವುದು ಯಾವ ಧರ್ಮ?

ಬಡವ ದೇಶಕ್ಕೆ ಇದೆಲ್ಲ ಸಾಧ್ಯವೇ ಎಂಬ ಸಂಶಯವು ಕೆಲವರಿಗಿದೆ. ಥೈಲೆಂಡ್ ದೇಶವು ೨೦೦೨ರಲ್ಲಿ, ಒಂದು ಭೇಟಿಗೆ ಕೇವಲ ೩೦ ಬಾತ್ ಕೊಟ್ಟರೆ ಚಿಕಿತ್ಸೆಯೆಲ್ಲ ಸಾರ್ವಜನಿಕ ಹಣದಿಂದ ನಡೆಯುವಂತೆ, ಬೇರೆ ಯಾವ ವಿಮೆಯೂ ಇಲ್ಲದ ತನ್ನ ಪ್ರಜೆಗಳಿಗೆಲ್ಲ ಏರ್ಪಾಡು ಮಾಡಿತು. ಅದಕ್ಕೆ ಮೊದಲೇ ಹಲವು ವರ್ಷ ಜಿಲ್ಲೆಯ ಆಸ್ಪತ್ರೆಗಳನ್ನು ಕಟ್ಟಿ, ಕಲಿತ ವೈದ್ಯರು ಹಳ್ಳಿಯಲ್ಲಿ ಕೆಲಕಾಲ ದುಡಿಯಲೇಬೇಕೆಂದು ವಿಧಿಸಿತ್ತು. ಇತ್ತ ಅಮೆರಿಕವನ್ನು ನೋಡಿರಿ. ತನ್ನ ಉತ್ಪನ್ನದ ನೂರರಲ್ಲಿ ೧೭ಕ್ಕಿಂತ ಹೆಚ್ಚು ಪಾಲನ್ನು ಆರೋಗ್ಯಕ್ಕೆ ಸುರಿಯುವ ಆ ಸಿರಿವಂತ ದೇಶದಲ್ಲಿ, ೧೯೬೫ರಲ್ಲಿ ವೃದ್ಧರಿಗೂ ಬಡವರಿಗೂ ಸರ್ಕಾರದ ಯೋಜನೆಗಳು ಬಂದ ಮೇಲೂ, ೨೦೧೦ರಲ್ಲಿ ಮತ್ತೊಂದು ದೊಡ್ಡ ಕಾನೂನು ಆದ ಮೇಲೂ, ೨೦೨೩ರಲ್ಲಿ ಸುಮಾರು ೨ ಕೋಟಿ ೬೦ ಲಕ್ಷ ಜನರಿಗೆ ಯಾವ ವಿಮೆಯೂ ಇರಲಿಲ್ಲ. ಉಗ್ರಾಣ ತುಂಬಿದೆ, ಪಂಕ್ತಿ ಹಾಕಿಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ನೀವು ಕೇಳಿಯೇ ಇದ್ದೀರಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಒಲೆಯ ಮೇಲಿಡಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿದಳು. ಈ ಕಥೆಯನ್ನು ಔಷಧದ ವಿಷಯಕ್ಕೆ ಹಿಡಿದು ನೋಡೋಣ. ೧೯೨೧-೨೨ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಸಿದ್ಧವಾಯಿತು. ಅಲ್ಲಿಯವರೆಗೆ ಸಿಹಿಮೂತ್ರರೋಗ ಬಂದ ಮಗುವೆಂದರೆ ಸಾಯುವ ಮಗುವೇ. ಅದನ್ನು ಕಂಡುಹಿಡಿದವರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ಮೂವರು ೧೯೨೩ರಲ್ಲಿ ಅದರ ಹಕ್ಕುಪತ್ರವನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. ಕೋಟಿ ಗಳಿಸಬಹುದಾಗಿದ್ದವರು ಲಕ್ಕಮ್ಮನ ಮಾತು ಕೇಳಿದವರಂತೆ ನಡೆದುಕೊಂಡರು. ಮುಂದೆ ಅದೇ ಇನ್ಸುಲಿನ್ನಿನ ಬೆಲೆಯು ಅಮೆರಿಕದಲ್ಲಿ ಏರಿ ಏರಿ, ರೋಗಿಗಳು ಅದನ್ನು ಅಳೆದು ಅರೆಹೊಟ್ಟೆಯ ಊಟದಂತೆ ಚುಚ್ಚಿಕೊಳ್ಳುವ ಕಾಲವೂ ಬಂದಿತು.

ಇದಕ್ಕೆ ಪ್ರತಿಯಾದ ಒಂದು ಪ್ರಸಂಗವು ನಮ್ಮ ದೇಶದ್ದೇ ಇದೆ. ಏಡ್ಸ್ ರೋಗಕ್ಕೆ ಮೂರು ಮದ್ದುಗಳನ್ನು ಕೂಡಿಸಿ ಕೊಟ್ಟರೆ ರೋಗಿಯು ಬದುಕುವನೆಂದು ೧೯೯೬ರ ಸುಮಾರಿಗೆ ತಿಳಿದಿತ್ತು. ಆದರೆ ಒಬ್ಬನಿಗೆ ವರ್ಷಕ್ಕೆ ೧೦ ಸಾವಿರ ಡಾಲರಿಗೂ ಮೇಲ್ಪಟ್ಟ ಖರ್ಚು. ರೋಗವು ಆಫ್ರಿಕದಲ್ಲಿ, ಮದ್ದು ಯೂರೋಪು ಅಮೆರಿಕಗಳಲ್ಲಿ. ೨೦೦೧ರಲ್ಲಿ ಮುಂಬಯಿಯ ಸಿಪ್ಲಾ ಎಂಬ ಕಾರ್ಖಾನೆಯು ಅದೇ ಮದ್ದನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡುವೆನೆಂದು ಮುಂದೆ ಬಂದಿತು. ನಮ್ಮ ೧೯೭೦ರ ಪೇಟೆಂಟ್ ಕಾನೂನು ಔಷಧವೆಂಬ ವಸ್ತುವಿನ ಮೇಲೆ ಯಾರ ಏಕಸ್ವಾಮ್ಯವನ್ನೂ ಒಪ್ಪದೆ, ತಯಾರಿಸುವ ವಿಧಾನಕ್ಕೆ ಮಾತ್ರ ರಕ್ಷಣೆ ಕೊಟ್ಟುದರಿಂದ ಇದು ಸಾಧ್ಯವಾಯಿತು. ಅದೇ ವರ್ಷ ದಕ್ಷಿಣ ಆಫ್ರಿಕ ಸರ್ಕಾರದ ಮೇಲೆ ೩೯ ಔಷಧ ಕಂಪನಿಗಳು ಹೂಡಿದ್ದ ಮೊಕದ್ದಮೆಯನ್ನು ಲೋಕದ ನಿಂದೆಗೆ ಅಂಜಿ ಹಿಂದಕ್ಕೆ ಪಡೆದವು. ಸಿಪ್ಲಾ ಧರ್ಮಛತ್ರವಲ್ಲ, ಅದೂ ವ್ಯಾಪಾರಸ್ಥ ಸಂಸ್ಥೆಯೇ. ವ್ಯಾಪಾರವೇ ಪಾಪವೆಂದು ಶರಣರೂ ಹೇಳಲಿಲ್ಲ. ತೂಕದಲ್ಲಿಯೂ ಬೆಲೆಯಲ್ಲಿಯೂ ಸತ್ಯವಿರಬೇಕೆಂದರು.

ಈಗ ನಮ್ಮ ಮನೆಯೊಳಗಿನ ಮಾತು. ಇದನ್ನು ಬಿಟ್ಟು ಪರದೇಶದ ಕಥೆ ಹೇಳುವುದು ಸುಲಭ. ನಮ್ಮ ಸಮಾಜದವರು, ನಮ್ಮ ಮಠಗಳವರು ಈ ನಾಡಿನಲ್ಲಿ ಆಸ್ಪತ್ರೆಗಳನ್ನೂ ವೈದ್ಯ ಕಾಲೇಜುಗಳನ್ನೂ ಕಟ್ಟಿದ್ದಾರೆ. ಸರ್ಕಾರವು ಕೈಚಾಚದ ಕಡೆ ಅವು ಬಹಳ ಉಪಕಾರ ಮಾಡಿವೆ, ಅದನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ವೈದ್ಯ ಕಾಲೇಜಿನ ಒಂದು ಸ್ಥಾನಕ್ಕೆ ಬೆಲೆ ಕಟ್ಟುವ ರೂಢಿಯು ನಮ್ಮ ನಾಡಿನಲ್ಲಿ ಎಷ್ಟು ಬೆಳೆದಿತ್ತೆಂದರೆ, ೧೯೮೪ರಲ್ಲಿ ಕರ್ನಾಟಕ ಸರ್ಕಾರವು ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾನೂನನ್ನೇ ತರಬೇಕಾಯಿತು. ಬಳಿಕವೂ ಖಾಸಗಿ ಕಾಲೇಜಿನ ಓದು ಸಾಮಾನ್ಯ ರೈತನ ಮಗನಿಗೆ ಎಟುಕುವಂತಿಲ್ಲ. ಹೊಲದ ಬೆಲೆಯನ್ನು ತೆತ್ತು ವೈದ್ಯನಾದವನು ಆ ಹೊಲವನ್ನು ರೋಗಿಯ ಹೊಟ್ಟೆಯಲ್ಲಿ ಹುಡುಕದೆ ಇರುವನೇ? ವೈದ್ಯನ ಲೋಭವನ್ನು ನಿಂದಿಸುವ ಮೊದಲು ಅವನಿಗೆ ಲೋಭವನ್ನು ಕಲಿಸಿದ ಬಾಗಿಲು ಯಾವುದೆಂದು ನೋಡಬೇಕು. ಆ ಬಾಗಿಲಿನ ಮೇಲೆ ಒಬ್ಬ ಶರಣನ ಹೆಸರಿದ್ದರೆ ನೋವು ಇಮ್ಮಡಿಯಾಗುತ್ತದೆ.

೨೦೧೮ರಿಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದ ಚೀಟಿಯಿಂದ ಬಡತನರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಚಿಕಿತ್ಸೆ ದೊರೆಯುತ್ತಿದೆ. ಇದು ದೊಡ್ಡ ಆಸರೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವನಿಗೆ. ಮಲಗದೆ ದಿನವೂ ಮಾತ್ರೆ ನುಂಗುವ ಸಕ್ಕರೆ ಕಾಯಿಲೆಯವನು, ರಕ್ತದೊತ್ತಡದವನು ಆ ಚೀಟಿಯನ್ನು ಔಷಧದ ಅಂಗಡಿಯಲ್ಲಿ ತೋರಿಸಿದರೆ ಪ್ರಯೋಜನವಿಲ್ಲ. ಅವನಿಗೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಗತಿ. ಅಲ್ಲಿ ಮಾತ್ರೆಯು ಉಚಿತ, ಇದ್ದರೆ. ಆ ‘ಇದ್ದರೆ’ ಎಂಬುದನ್ನು ವಿಚಾರಿಸಲು ಅಲ್ಲಿಯೇ ಆರೋಗ್ಯ ರಕ್ಷಾ ಸಮಿತಿಯುಂಟು. ನಮ್ಮ ಭಕ್ತರಲ್ಲಿ ಎಷ್ಟು ಜನ ಅದರ ಸಭೆಗೆ ಒಮ್ಮೆಯಾದರೂ ಹೋಗಿದ್ದೀರಿ?

ಜಾತ್ರೆಗಳು ಹತ್ತಿರ ಬರುತ್ತಿವೆ. ದಾಸೋಹದ ಮನೆಯಲ್ಲಿ ಸಾವಿರಾರು ಜನ ಸರದಿಯಲ್ಲಿ ನಿಲ್ಲುತ್ತಾರೆ. ಆ ಸರದಿಯ ಪಕ್ಕದಲ್ಲಿಯೇ ಒಂದು ಮೇಜು, ರಕ್ತದೊತ್ತಡ ಅಳೆಯುವ ಯಂತ್ರ, ಸಕ್ಕರೆ ನೋಡುವ ಯಂತ್ರ, ಇಬ್ಬರು ದಾದಿಯರು, ಒಂದು ವಹಿಪುಸ್ತಕ. ಹೆಚ್ಚು ಒತ್ತಡ ಕಂಡವನ ಹೆಸರೂ ಊರೂ ವಹಿಯಲ್ಲಿ ಬರಲಿ. ಅವನ ಒಪ್ಪಿಗೆಯಿಂದ ಮರುದಿನವೇ ಆ ಊರಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಲಿ. ಮೇಜಿನ ಮೇಲೆ ದಾನಿಗಳ ಹೆಸರಿನ ಫಲಕ ಬೇಡ. ವಹಿಯನ್ನು ಬರೆಯಲು ಓದುಬರಹ ಬಲ್ಲ ನಾಲ್ವರು ತರುಣರು ಬೇಕು. ಹೆಸರು ಕೊಡುವವರು ಪ್ರಸಾದವಾದ ಮೇಲೆ ಕಚೇರಿಗೆ ಬರಬಹುದು.